ಕಾಡುಹಂದಿ ತಲೆ ತಗ್ಗಿಸುವವರೆಗೂ ನನ್ನ ಗೇಮ್‌ನಲ್ಲಿ ಮಜಾ ಇರಲಿಲ್ಲ

ಎರಡು ವರ್ಷದ ಹಿಂದಿನ ದೀಪಾವಳಿ ರಜೆ. ಅಕ್ಕನ ಮನೆಯ ಜಗುಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟು, ಒಂದೂವರೆ ವರ್ಷ ನಿದ್ದೆಗೆಟ್ಟು ಮಾಡಿದ್ದ ನನ್ನ ಗೇಮನ್ನು ಅಕ್ಕನ ಮಗನ ಕೈಗೆ ಕೊಟ್ಟೆ. ಹದಿಮೂರು ವರ್ಷದ ಹುಡುಗ. ಕಂಟ್ರೋಲರ್ ಹಿಡಿದ, ನಾಲ್ಕು ಹಂದಿ ಹೊಡೆದ, ಒಬ್ಬ ದರೋಡೆಕೋರನನ್ನು ಹೊಡೆದ, ಐದನೇ ನಿಮಿಷಕ್ಕೆ ಕಂಟ್ರೋಲರನ್ನು ಮೆತ್ತಗೆ ಚಾಪೆ ಮೇಲೆ ಇಟ್ಟ. "ಮಾಮ, ಚೆನ್ನಾಗಿದೆ. ಆದ್ರೆ ಹೊಡೆದಂಗೇ ಅನ್ಸಲ್ಲ" ಅಂದು ಪಟಾಕಿ ಹಚ್ಚೋಕೆ ಹೋದ.

ನನಗೆ ಸಿಟ್ಟು ಬಂತು. ಅವನ ಮೇಲಲ್ಲ. ಅವನು ಹೇಳಿದ್ದು ನನಗೆ ಆರು ತಿಂಗಳಿಂದ ಗೊತ್ತಿತ್ತು, ಹೇಳಿಕೊಳ್ಳೋಕೆ ಮಾತ್ರ ಧೈರ್ಯ ಇರಲಿಲ್ಲ.

ಗೇಮ್ ಏನು ಅಂತ ಹೇಳಿಬಿಡುತ್ತೇನೆ. ಮೇಲಿನಿಂದ ನೋಡುವ ಎರಡು ಆಯಾಮದ ಆಕ್ಷನ್ ಆರ್‌ಪಿಜಿ. ಅಂದರೆ ಹೊಡೆದಾಡುತ್ತಾ ನಮ್ಮ ಪಾತ್ರವನ್ನು ಬೆಳೆಸುತ್ತಾ ಹೋಗುವ ಗೇಮ್. ಗೊಡೊ ಅನ್ನುವ, ಗೇಮ್ ಮಾಡುವ ಸಾಫ್ಟ್‌ವೇರ್‌ನಲ್ಲಿ ಮಾಡುತ್ತಿರುವುದು. ಹಗಲು ಬೆಂಗಳೂರಲ್ಲಿ ಬೇರೆ ಕೆಲಸ, ರಾತ್ರಿ ಇದು. ಮಲೆನಾಡಿನ ಕಾಡು, ಒಂದು ಕತ್ತಿ ಹಿಡಿದ ಹೆಂಗಸು, ಹಂದಿ, ದರೋಡೆಕೋರರು, ಲೆವೆಲ್ ಏರುವುದು, ಹೊಸ ಕತ್ತಿ ಸಿಗುವುದು, ಇಷ್ಟೇ. ಕಥೆ ಬರೆದಾಗಿತ್ತು, ನಕಾಶೆ ಬರೆದಾಗಿತ್ತು, ಮಾತುಕತೆ ಎಲ್ಲ ಕನ್ನಡದಲ್ಲೇ ಬರೆದಾಗಿತ್ತು. ಕಾದಾಟ ಮಾತ್ರ ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗಿತ್ತು. ಬಟನ್ ಒತ್ತಿದರೆ ಕತ್ತಿ ಬೀಸುತ್ತದೆ, ಹಂದಿಯ ತಲೆ ಮೇಲೆ "12" ಅಂತ ಏಟಿನ ಡ್ಯಾಮೇಜ್ ಬರುತ್ತದೆ, ಹಂದಿ ಏನೂ ಆಗದ ಹಾಗೆ ಮುಂದೆ ಬರುತ್ತದೆ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಭಾವನ ಜೊತೆ ಇದೇ ಚರ್ಚೆ. ಭಾವ ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದುವಾಗ ರಾತ್ರಿಗಟ್ಟಲೆ ಡಯಾಬ್ಲೊ 2 ಆಡಿದ ಮನುಷ್ಯ. ಅದು 2000ದಲ್ಲಿ ಬಂದ ಗೇಮ್. ಅವರ ವಾದ ನೇರ: "ಮಾರಾಯ, ಹೊಡೆಯೋದ್ರಲ್ಲಿ ಏನಿದೆ? ಹೊಡೆದ ಮೇಲೆ ಏನು ಬೀಳ್ತದೆ ಅನ್ನೋದ್ರಲ್ಲಿ ಇರೋದು ಮಜಾ. ಉಂಗುರ ಬಿದ್ದಾಗ ಟಿಣ್ ಅಂತ ಒಂದು ಸದ್ದು ಬರ್ತಿತ್ತು ನೋಡು, ಇಪ್ಪತ್ತು ವರ್ಷ ಆದ್ಮೇಲೂ ಅದು ಕಿವೀಲಿ ಇದೆ." ನಾನು ಡಾರ್ಕ್ ಸೋಲ್ಸ್ ಪಕ್ಷ. 2011ರ ಆ ಗೇಮ್ ನನ್ನ ತಲೆ ಕೆಡಿಸಿದಷ್ಟು ಬೇರೆ ಯಾವುದೂ ಕೆಡಿಸಿಲ್ಲ. ನನ್ನ ವಾದ: ಬೀಳುವ ಸಾಮಾನಿನಿಂದ ಬರುವ ಖುಷಿ ಲಾಟರಿಯ ಖುಷಿ, ಕಾದಾಟದ್ದಲ್ಲ. ಶತ್ರುವಿನ ಕತ್ತಿ ಬರುವುದನ್ನು ನೋಡಿ, ಉರುಳಿ ತಪ್ಪಿಸಿಕೊಂಡು, ಅವನ ಬೆನ್ನಿಗೆ ಒಂದು ಕೊಟ್ಟರೆ ಅದು ಕಾದಾಟ.

"ಹಾಗಾದ್ರೆ ನಿನ್ನ ಗೇಮಲ್ಲಿ ಎರಡೂ ಯಾಕಿಲ್ಲ?" ಅಂದರು ಭಾವ. ಅಕ್ಕ ನಕ್ಕಳು. ನಾನು ಸಾರು ಬಡಿಸಿಕೊಂಡೆ.

ಬೆಂಗಳೂರಿಗೆ ವಾಪಸ್ ಬಂದು ಮೊದಲು ಕೈ ಹಾಕಿದ್ದು ಏಟಿಗೆ. "ಹೊಡೆದಂಗೇ ಅನ್ಸಲ್ಲ" ಅಂದನಲ್ಲ, ಹಾಗಾದರೆ ಹೊಡೆದ ಹಾಗೆ ಅನ್ನಿಸುವಂತೆ ಮಾಡೋಣ ಅಂತ. ಇದಕ್ಕೆ ಎಲ್ಲರೂ ಹೇಳುವ ಮೊದಲ ಮದ್ದು ಹಿಟ್‌ಸ್ಟಾಪ್. ಕತ್ತಿ ತಾಗಿದ ಕ್ಷಣದಲ್ಲಿ ಒಂದೆರಡು ಫ್ರೇಮ್ (ಪರದೆ ಮೇಲೆ ಒಂದರ ಹಿಂದೊಂದು ಬರುವ ಬಿಡಿಚಿತ್ರ) ಎಲ್ಲವನ್ನೂ ನಿಲ್ಲಿಸಿಬಿಡುವುದು. ಗೇಮ್ ಸೆಕೆಂಡಿಗೆ 60 ಫ್ರೇಮ್ ಓಡುತ್ತಿದ್ದರೆ ಒಂದು ಫ್ರೇಮ್ ಅಂದರೆ ಸುಮಾರು 16.7 ಮಿಲಿಸೆಕೆಂಡ್. ನಾಲ್ಕು ಫ್ರೇಮ್ ನಿಂತರೆ ಕಣ್ಣಿಗೆ "ನಿಂತಿತು" ಅಂತ ಗೊತ್ತಾಗುವುದೇ ಇಲ್ಲ, ಆದರೆ ಕೈಗೆ ಗೊತ್ತಾಗುತ್ತದೆ. ಕತ್ತಿ ಏನೋ ಗಟ್ಟಿಯಾದ್ದಕ್ಕೆ ತಾಗಿ ಸಿಕ್ಕಿಕೊಂಡಿತು ಅನ್ನಿಸುತ್ತದೆ. ಕುಸ್ತಿ, ಕರಾಟೆ ತರದ ಫೈಟಿಂಗ್ ಗೇಮ್‌ಗಳಲ್ಲಿ ಇದು ಬಹಳ ಹಳೆಯದು. ಮಾನ್‌ಸ್ಟರ್ ಹಂಟರ್ ಆಡಿದವರಿಗೆ ಆ ದೊಡ್ಡ ಕತ್ತಿ ಪ್ರಾಣಿಯ ತಲೆಗೆ ಕಚ್ಚಿಕೊಂಡು ಒಂದು ಗಳಿಗೆ ನಿಲ್ಲುವುದು ಗೊತ್ತಿರುತ್ತದೆ. ಸ್ಮ್ಯಾಶ್ ಬ್ರದರ್ಸ್ ಮಾಡಿದ ಮಸಾಹಿರೊ ಸಕುರಾಯಿ 2022ರಲ್ಲಿ ಯೂಟ್ಯೂಬ್‌ನಲ್ಲಿ ಗೇಮ್ ಮಾಡುವುದರ ಬಗ್ಗೆ ಸಣ್ಣಸಣ್ಣ ವಿಡಿಯೊ ಹಾಕಲು ಶುರುಮಾಡಿದರು. ಅದರಲ್ಲಿ ಹಿಟ್‌ಸ್ಟಾಪ್ ಬಗ್ಗೆಯೂ ಇದೆ. ನಾನು ಅದನ್ನು ಎಷ್ಟು ಸಲ ನೋಡಿದೆನೋ ಲೆಕ್ಕ ಇಲ್ಲ.

ಮಾಡುವಾಗ ಒಂದು ಪೆದ್ದು ತಪ್ಪು ಮಾಡಿದೆ, ಬೇರೆಯವರಿಗೆ ಉಪಯೋಗ ಆಗಲಿ ಅಂತ ಹೇಳುತ್ತೇನೆ. ಗೊಡೊದಲ್ಲಿ ಟೈಮ್ ಸ್ಕೇಲ್ ಅಂತ ಇದೆ, ಇಡೀ ಗೇಮಿನ ವೇಗ ಅದರ ಕೈಯಲ್ಲಿ. ಏಟು ತಾಗಿದ ತಕ್ಷಣ ಅದನ್ನು ಸೊನ್ನೆ ಮಾಡಿ, ಒಂದು ಟೈಮರ್ ಇಟ್ಟು, ಟೈಮರ್ ಮುಗಿದ ಮೇಲೆ ಮತ್ತೆ ಒಂದು ಮಾಡು ಅಂತ ಬರೆದೆ. ಓಡಿಸಿದೆ. ಮೊದಲ ಏಟಿಗೇ ಗೇಮ್ ನಿಂತಿತು, ನಿಂತೇ ಹೋಯಿತು. ಟೈಮರ್ ಕೂಡ ಅದೇ ಟೈಮ್ ಸ್ಕೇಲ್‌ನಲ್ಲೇ ಓಡುವುದು, ಅದನ್ನು ಲೆಕ್ಕಕ್ಕೆ ಹಿಡಿಯಬೇಡ ಅಂತ ಬೇರೆಯಾಗಿ ಹೇಳದಿದ್ದರೆ ಅದೂ ಮಲಗಿಬಿಡುತ್ತದೆ. ಗಡಿಯಾರ ನಿಲ್ಲಿಸಿ, ಐದು ನಿಮಿಷ ಆದ ಮೇಲೆ ಎಬ್ಬಿಸು ಅಂತ ಅದೇ ಗಡಿಯಾರಕ್ಕೆ ಹೇಳಿದ ಹಾಗೆ. ಇದು ತಿಳಿಯೋಕೆ ಒಂದು ಭಾನುವಾರ ಪೂರ್ತಿ ಹೋಯಿತು. ಕೊನೆಗೆ ಆ ದಾರಿಯನ್ನೇ ಬಿಟ್ಟೆ. ಹೊಡೆದವಳು, ಹೊಡೆಸಿಕೊಂಡವನು, ಇವರಿಬ್ಬರ ಅನಿಮೇಷನ್ ಮಾತ್ರ ನಿಲ್ಲಿಸಿದೆ. ಸುತ್ತಲಿನ ಮಳೆ, ಎಲೆ, ಬೇರೆ ಹಂದಿಗಳು ಎಲ್ಲ ನಡೆಯುತ್ತಲೇ ಇರುತ್ತವೆ. ಹೀಗೆ ಮಾಡಿದರೇ ಚೆಂದ ಅಂತ ಈಗಲೂ ನನ್ನ ಅಭಿಪ್ರಾಯ. ನಿಂತ ಆ ಗಳಿಗೆಯಲ್ಲಿ ಏಟು ತಿಂದವನನ್ನು ಮಾತ್ರ ಅಲ್ಲಲ್ಲೇ ಒಂದೆರಡು ಪಿಕ್ಸೆಲ್ ನಡುಗಿಸಿದೆ.

ಆಮೇಲೆ ಸದ್ದು. ಇದರ ಬಗ್ಗೆ ಎಷ್ಟು ಬೇಕಾದರೂ ಬರೆಯಬಲ್ಲೆ. ಇಂಟರ್ನೆಟ್‌ನಲ್ಲಿ ಪುಕ್ಕಟೆ ಸಿಗುವ ಕತ್ತಿ ಸದ್ದುಗಳೆಲ್ಲ ಒಂದೇ ತರ "ಶಿಂಗ್" ಅನ್ನುತ್ತವೆ. ಕತ್ತಿ ಮಾಂಸಕ್ಕೆ ತಾಗಿದರೆ ಎಲ್ಲಿಯ ಶಿಂಗ್? ಊರಿಗೆ ಹೋದಾಗ ಫೋನ್ ಹಿಡಿದು ಅಡುಗೆಮನೆ, ಹಿತ್ತಲು ಎಲ್ಲ ಸುತ್ತಿದೆ. ಎಳನೀರು ಕೊಚ್ಚುವಾಗಿನ ಮೊದಲ ಏಟು, ಅದರಲ್ಲೂ ಕತ್ತಿ ಸಿಪ್ಪೆಯೊಳಗೆ ಇಳಿಯುವ ಆ "ಚಕ್", ದರೋಡೆಕೋರನಿಗೆ ಹೇಳಿ ಮಾಡಿಸಿದ್ದು. ಒದ್ದೆ ಪಂಚೆಯನ್ನು ಒಗೆಯುವ ಕಲ್ಲಿಗೆ ಬಡಿದ ಸದ್ದು ಹಂದಿಗೆ. ನುಗ್ಗೆಕಾಯಿ ಮುರಿದರೆ ಎಲುಬು ಮುರಿದಂತೆ ಕೇಳುತ್ತದೆ, ನಿಜವಾಗಿಯೂ. ಅಮ್ಮ ಎರಡು ದಿನ ನುಗ್ಗೆಕಾಯಿ ಹುಳಿ ಮಾಡಿದಳು, ಯಾಕೆ ಅಂತ ಕೇಳಲಿಲ್ಲ. ಒಂದೇ ಸದ್ದು ಮತ್ತೆಮತ್ತೆ ಬಂದರೆ ಕಿವಿಗೆ ಯಂತ್ರದ ಹಾಗೆ ಅನ್ನಿಸುತ್ತದೆ, ಆದ್ದರಿಂದ ಪ್ರತಿ ಏಟಿಗೂ ನಾಲ್ಕು ಬೇರೆ ರೆಕಾರ್ಡಿಂಗ್, ಪ್ರತಿ ಸಲ ಸ್ವಲ್ಪ ಏರುಪೇರು ಶ್ರುತಿ. ಬರೀ ಸದ್ದು ಬದಲಾಯಿಸಿ, ಬೇರೆ ಏನನ್ನೂ ಮುಟ್ಟದೆ, ರೂಮ್‌ಮೇಟ್‌ಗೆ ಕೊಟ್ಟೆ. "ಡ್ಯಾಮೇಜ್ ಜಾಸ್ತಿ ಮಾಡಿದೀಯಾ?" ಅಂತ ಕೇಳಿದ. ಹನ್ನೆರಡು ಹನ್ನೆರಡೇ ಇತ್ತು.

ಇಷ್ಟಕ್ಕೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಪರದೆ ನಡುಗಿಸುವುದು ಸೇರಿಸಿದೆ, ಬಿಳಿ ಮಿಂಚು ಸೇರಿಸಿದೆ, ಕಿಡಿ ಸೇರಿಸಿದೆ, ಹಿಟ್‌ಸ್ಟಾಪನ್ನು 14 ಫ್ರೇಮ್‌ಗೆ ಏರಿಸಿದೆ. ಒಂದು ಹಂದಿಗೆ ಅದು ಸೊಗಸು. ನಾಲ್ಕು ಹಂದಿ ಒಟ್ಟಿಗೆ ಬಂದರೆ ಗೇಮ್ ಕೆಟ್ಟ ರಸ್ತೆಯಲ್ಲಿ ಹೋಗುವ ಬಸ್ಸು. ಈಗ ಸಣ್ಣ ಏಟಿಗೆ 4 ಫ್ರೇಮ್, ದೊಡ್ಡ ಏಟಿಗೆ 8, ಪರದೆ ನಡುಗುವುದು ದೊಡ್ಡ ಏಟಿಗೆ ಮತ್ತು ಕೊಲ್ಲುವ ಏಟಿಗೆ ಮಾತ್ರ. ಎಲ್ಲ ಏಟೂ ದೊಡ್ಡದಾದರೆ ದೊಡ್ಡ ಏಟು ಅಂತ ಯಾವುದನ್ನು ಕರೆಯುವುದು?

ಇನ್ನೊಂದು ಕೆಲಸ ಇದರ ನಡುವೆ ಮಾಡಿದ್ದು ಬಟನ್ ಒತ್ತುವುದಕ್ಕೂ ನಾಯಕಿ ಕತ್ತಿ ಬೀಸುವುದಕ್ಕೂ ನಡುವಿನ ಅಂತರ ಕಡಿಮೆ ಮಾಡಿದ್ದು. ನನ್ನ ಕತ್ತಿ ಬೀಸುವ ಅನಿಮೇಷನ್‌ನಲ್ಲಿ ಕೈ ಹಿಂದಕ್ಕೆ ಎಳೆಯುವುದಕ್ಕೇ 10 ಫ್ರೇಮ್ ಇತ್ತು. ಬರೆಯುವಾಗ ಬಹಳ ಅಂದವಾಗಿ ಬರೆದಿದ್ದೆ, ಕಳೆಯೋಕೆ ಮನಸ್ಸಿರಲಿಲ್ಲ. ಆದರೆ ಬಟನ್ ಒತ್ತಿ ಸೆಕೆಂಡಿನ ಆರನೇ ಒಂದು ಭಾಗ ಕಾಯುವುದು ಅಂದರೆ ಆಡುವವನಿಗೆ ಜೌಗಿನಲ್ಲಿ ಕಾಲು ಎಳೆದ ಹಾಗೆ. ದೊಡ್ಡವರಿಗೂ ಇದು ತಪ್ಪಿದ್ದಲ್ಲ ನೋಡಿ. 2015ರಲ್ಲಿ ವಿಚರ್ 3 ಅನ್ನುವ ಗೇಮ್ ಬಂದಾಗ ಅದರ ನಾಯಕ ಗೆರಾಲ್ಟ್ ನಡೆಯುವುದು, ತಿರುಗುವುದು ನೋಡೋಕೆ ಸೊಗಸು, ಆಡೋಕೆ ಭಾರ ಅಂತ ಬಹಳ ಜನ ಗೊಣಗಿದರು. ಕೆಲವೇ ತಿಂಗಳಲ್ಲಿ 1.07 ಅನ್ನುವ ಪ್ಯಾಚ್‌ನಲ್ಲಿ ಚಲನೆಗೆ ಬೇರೊಂದು ಆಯ್ಕೆಯನ್ನೇ ಕೊಟ್ಟರು. ನಾನು ಕೈ ಎಳೆಯುವುದನ್ನು 5 ಫ್ರೇಮ್‌ಗೆ ಇಳಿಸಿದೆ. ಕತ್ತಿ ತಾಗುವ ಹೊತ್ತು 4 ಫ್ರೇಮ್, ಬೀಸಿ ಆದ ಮೇಲೆ ಸುಧಾರಿಸಿಕೊಳ್ಳೋಕೆ 13. ಜೊತೆಗೆ ಬಫರ್: ಒಂದು ಏಟು ಮುಗಿಯುವ 8 ಫ್ರೇಮ್ ಮೊದಲೇ ಮುಂದಿನ ಬಟನ್ ಒತ್ತಿದರೂ ಗೇಮ್ ಅದನ್ನು ನೆನಪಿಟ್ಟುಕೊಂಡು, ಸಮಯ ಬಂದಾಗ ನಡೆಸಿಕೊಡುತ್ತದೆ. ಇದಿಲ್ಲದಿದ್ದಾಗ "ಬಟನ್ ಒತ್ತಿದೆ, ಹೊಡೀಲಿಲ್ಲ" ಅನ್ನುತ್ತಿದ್ದರು ಆಡಿದವರು. ನಾನು ಒಳಗೊಳಗೇ "ನೀನು ಬೇಗ ಒತ್ತಿದೆ" ಅಂದುಕೊಳ್ಳುತ್ತಿದ್ದೆ. ಕುಣಿಯೋಕೆ ಬಾರದವರು ನೆಲ ಡೊಂಕು ಅಂದರು ಅಂತ. ನೋಡಿದರೆ ನೆಲ ನಿಜಕ್ಕೂ ಡೊಂಕಿತ್ತು.

ಮೂರು ತಿಂಗಳು ಇದರಲ್ಲೇ ಕಳೆಯಿತು. ಸಂಕ್ರಾಂತಿಯ ಹೊತ್ತಿಗೆ ಒಂದು ಏಟು ಹೊಡೆದರೆ ಎಷ್ಟು ಚೆನ್ನಾಗಿತ್ತು ಅಂದರೆ, ನಾನು ಕಚೇರಿಯಿಂದ ಬಂದು ಸುಮ್ನೆ ಹತ್ತು ನಿಮಿಷ ಹಂದಿ ಹೊಡೆದು ಮಲಗುತ್ತಿದ್ದೆ. ಆತ್ಮವಿಶ್ವಾಸದಿಂದ ಹುಡುಗನಿಗೆ ಗೇಮಿನ ಹೊಸ ಆವೃತ್ತಿ (ಬಿಲ್ಡ್) ಕಳಿಸಿ, ಅವನು ಆಡುವ ಪರದೆಯನ್ನು ರೆಕಾರ್ಡ್ ಮಾಡಿ ಕಳಿಸು ಅಂದೆ.

ಈ ಸಲ ಹನ್ನೆರಡು ನಿಮಿಷ ಆಡಿದ್ದ. ರೆಕಾರ್ಡಿಂಗ್ ನೋಡಿದೆ. ಮೊದಲ ಮೂರು ನಿಮಿಷ "ಓ!", "ಸೂಪರ್!" ಅಂತ ಸದ್ದು. ಆಮೇಲೆ ಮೌನ. ಏಳನೇ ನಿಮಿಷದ ಹೊತ್ತಿಗೆ ಅವನು ಒಂದು ಬಂಡೆಯ ಮೂಲೆಗೆ ಬೆನ್ನು ಕೊಟ್ಟು ನಿಂತು, ಒಂದೇ ಬಟನ್ ಒತ್ತುತ್ತಾ, ಹಿನ್ನೆಲೆಯಲ್ಲಿ ಅಕ್ಕನ ಹತ್ತಿರ ನಾಳೆಯ ಟಿಫನ್ ಏನು ಅಂತ ಮಾತಾಡುತ್ತಿದ್ದ. ಹಂದಿಗಳು ಬರುತ್ತಿದ್ದವು, ಸಾಯುತ್ತಿದ್ದವು. ಹಿಟ್‌ಸ್ಟಾಪ್, ಒದ್ದೆ ಪಂಚೆ, ನುಗ್ಗೆಕಾಯಿ, ಎಲ್ಲ ಸರಿಯಾಗಿ ಕೆಲಸ ಮಾಡುತ್ತಿತ್ತು. ಅವನು ಮಾತ್ರ ಅಲ್ಲಿರಲಿಲ್ಲ.

ಆ ವಿಡಿಯೊ ನೋಡುತ್ತಾ ಕೂತಾಗ ನನಗೆ ನನ್ನ ತಪ್ಪು ಕಂಡಿತು. ನಾನು ಮೂರು ತಿಂಗಳು ನನ್ನ ನಾಯಕಿಯ ಕತ್ತಿಯನ್ನೇ ನೋಡುತ್ತಿದ್ದೆ. ಹಂದಿಯನ್ನು ನೋಡಿರಲೇ ಇಲ್ಲ.

ನಮ್ಮ ಅಡಿಕೆ ತೋಟಕ್ಕೆ ಹಂದಿ ಬರುತ್ತದೆ. ಚಿಕ್ಕವನಿದ್ದಾಗ ಅಪ್ಪಯ್ಯನ ಜೊತೆ ರಾತ್ರಿ ಬ್ಯಾಟರಿ ಹಿಡಿದು ಹೋದದ್ದಿದೆ. ಒಂದು ಸಲ ಬೆಳಕಿಗೆ ಒಂದು ದೊಡ್ಡ ಗಂಡುಹಂದಿ ಸಿಕ್ಕಿತು, ಹತ್ತು ಮಾರು ದೂರ. ಅಪ್ಪಯ್ಯ ನನ್ನ ಭುಜ ಹಿಡಿದು, ಕದಲಬೇಡ, ಅದು ತಲೆ ತಗ್ಗಿಸುವುದನ್ನೇ ನೋಡುತ್ತಿರು ಅಂದರು. ತಗ್ಗಿಸಿದರೆ ಪಕ್ಕಕ್ಕೆ ಹಾರು, ತಗ್ಗಿಸದಿದ್ದರೆ ಸುಮ್ಮನಿರು. ಆ ಹಂದಿ ಬೆನ್ನ ಮೇಲಿನ ಕೂದಲು ನಿಗುರಿಸಿ ಒಂದಷ್ಟು ಹೊತ್ತು ನಿಂತಿತ್ತು. ನನಗೆ ಒಂದು ಗಂಟೆ ಅನ್ನಿಸಿತು. ತಲೆ ತಗ್ಗಿಸಲಿಲ್ಲ. ತಿರುಗಿ ಹೋಯಿತು. ಯಾವ ಏಟೂ ಬೀಳಲಿಲ್ಲ, ಆದರೂ ಇವತ್ತಿಗೂ ಕಣ್ಣು ಮುಚ್ಚಿದರೆ ಆ ತಲೆ ಕಾಣುತ್ತದೆ.

ನನ್ನ ಗೇಮಿನ ಹಂದಿ ತಲೆ ತಗ್ಗಿಸುತ್ತಲೇ ಇರಲಿಲ್ಲ. ಕಂಡ ಕೂಡಲೇ ನೇರ ಓಡಿ ಬರುತ್ತಿತ್ತು. ನುಗ್ಗುವ ಮೊದಲಿನ ಸನ್ನೆ ಅಂತ ಇದ್ದದ್ದು 10 ಫ್ರೇಮ್. ಕಣ್ಣಿಗೆ ಕಂಡದ್ದಕ್ಕೆ ಕೈ ಬಟನ್ ಒತ್ತೋಕೆ ಮನುಷ್ಯನಿಗೆ ಸುಮಾರು ಕಾಲು ಸೆಕೆಂಡ್ ಬೇಕು, ಅಂದರೆ 15 ಫ್ರೇಮ್. ಟಿವಿಗೆ ಹಾಕಿ ಆಡುವವರಿಗೆ ಅದರ ಮೇಲೆ ಟಿವಿಯ ತಡ ಬೇರೆ. ಅಂದರೆ ನನ್ನ ಹಂದಿಯನ್ನು ನೋಡಿ ತಪ್ಪಿಸಿಕೊಳ್ಳೋಕೆ ಯಾರಿಗೂ ಸಾಧ್ಯವೇ ಇರಲಿಲ್ಲ. ನೋಡಿ ಉಪಯೋಗ ಇಲ್ಲ ಅಂದ ಮೇಲೆ ಯಾಕೆ ನೋಡಬೇಕು? ಮೂಲೆಗೆ ನಿಂತು ಬಟನ್ ಒತ್ತುವುದೇ ಜಾಣತನ. ಹುಡುಗ ಬೋರ್ ಆಗಿ ಹಾಗೆ ಆಡಲಿಲ್ಲ, ನಾನು ಕಟ್ಟಿದ ಗೇಮನ್ನು ಸರಿಯಾಗಿ ಅರ್ಥ ಮಾಡಿಕೊಂಡು ಹಾಗೆ ಆಡಿದ.

ಮರುದಿನದಿಂದ ಹಂದಿ. ಮೊದಲು ಅದನ್ನು ನಿಲ್ಲಿಸಿದೆ. ದೂರದಲ್ಲಿ ಸುತ್ತು ಹಾಕುತ್ತದೆ, ನಿಲ್ಲುತ್ತದೆ, ಬೆನ್ನ ಕೂದಲು ಏಳುತ್ತದೆ, ತಲೆ ತಗ್ಗುತ್ತದೆ, ಒಂದು ಗುಟುರು, ಆಮೇಲೆ ನುಗ್ಗು. ತಲೆ ತಗ್ಗಿಸಿದ್ದರಿಂದ ನುಗ್ಗುವವರೆಗೆ 36 ಫ್ರೇಮ್ ಇಟ್ಟೆ. ಅದು ಜಾಸ್ತಿಯಾಯಿತು, ನೋಡಿ, ಯೋಚಿಸಿ, ಆಕಳಿಸಿ ತಪ್ಪಿಸಿಕೊಳ್ಳಬಹುದಿತ್ತು. 24 ಇಟ್ಟೆ, ರೂಮ್‌ಮೇಟ್ ನಾಲ್ಕಕ್ಕೆ ಮೂರು ಸಲ ತಿಂದ. 28ಕ್ಕೆ ಬಂದು ನಿಂತೆ, ಅರ್ಧ ಸೆಕೆಂಡಿಗೆ ಸ್ವಲ್ಪ ಕಡಿಮೆ. ಈ ನಾಲ್ಕು ಫ್ರೇಮ್‌ಗಳ ಜಗಳ ಒಂದು ವಾರ ನಡೆಯಿತು ಅಂದರೆ ನಗಬೇಡಿ. ನುಗ್ಗು ತಪ್ಪಿದರೆ ಹಂದಿ ಜಾರಿ ಮುಂದೆ ಹೋಗಿ ತಿರುಗೋಕೆ ಮುಕ್ಕಾಲು ಸೆಕೆಂಡ್ ತೆಗೆದುಕೊಳ್ಳುತ್ತದೆ. ಆಗ ಹೊಡೆದರೆ ದೊಡ್ಡ ಏಟು. ಎದುರು ನಿಂತು ಹೊಡೆದರೆ ಹಂದಿ ಕ್ಯಾರೇ ಅನ್ನುವುದಿಲ್ಲ.

ಒದ್ದೆ ಪಂಚೆಯ ಸದ್ದು ಅದೇ, ಹಿಟ್‌ಸ್ಟಾಪ್ ಅದೇ 8 ಫ್ರೇಮ್. ಆದರೆ ಈಗ ಆ ಏಟು ಬೇರೆಯದೇ ಏಟು. ಯಾಕೆಂದರೆ ಅದಕ್ಕಿಂತ ಮೊದಲು ಒಂದು ಸೆಕೆಂಡ್ ಉಸಿರು ಹಿಡಿದಿದ್ದೀರಿ. ನನ್ನ ವಾದ ಈಗ ಇಷ್ಟೇ: ಏಟಿನ ರುಚಿ ಏಟಿನಲ್ಲಿ ಕಾಲು ಭಾಗ, ಅದಕ್ಕೆ ಮುಂಚೆ ಶತ್ರು ಏನು ಮಾಡಿದ ಅನ್ನುವುದರಲ್ಲಿ ಮುಕ್ಕಾಲು. ಕಾಲು ಭಾಗ ಬೇಡ ಅಂತಲ್ಲ. ಉಪ್ಪಿಲ್ಲದ ಅಡುಗೆ ಉಣ್ಣೋಕಾಗಲ್ಲ, ಹಾಗಂತ ಉಪ್ಪನ್ನೇ ಉಣ್ಣೋಕೂ ಆಗಲ್ಲ.

ಇಲ್ಲೂ ಅತಿಬುದ್ಧಿ ತೋರಿಸಿದೆ. 2022ರಲ್ಲಿ ಬಂದ ಎಲ್ಡನ್ ರಿಂಗ್‌ನಲ್ಲಿ ಮಾರ್ಗಿಟ್ ಅಂತ ಒಬ್ಬ ಬಾಸ್, ಅಂದರೆ ದಾರಿಗೆ ಅಡ್ಡ ನಿಲ್ಲುವ ದೊಡ್ಡ ಶತ್ರು, ಇದ್ದಾನೆ, ಆಡಿದವರಿಗೆ ಹೆಸರು ಕೇಳಿದರೇ ಹಲ್ಲು ಕಡಿಯುವಂತಾಗುತ್ತದೆ. ಕೋಲು ಮೇಲೆತ್ತುತ್ತಾನೆ, ಎತ್ತಿಕೊಂಡೇ ನಿಲ್ಲುತ್ತಾನೆ, ನೀವು ಹೆದರಿ ಉರುಳುತ್ತೀರಿ, ಉರುಳಿ ಏಳುವಾಗ ಸರಿಯಾಗಿ ಬಿಡುತ್ತಾನೆ. ಇದನ್ನು ನೋಡಿ ನಾನೂ ನನ್ನ ದರೋಡೆಕೋರರ ಮುಖಂಡನಿಗೆ ಅದೇ ಕಲಿಸಿದೆ. ಒಮ್ಮೆ 20 ಫ್ರೇಮ್‌ಗೆ ಹೊಡೆಯುತ್ತಾನೆ, ಒಮ್ಮೆ 50ಕ್ಕೆ, ಎತ್ತುವ ಕೈ ಒಂದೇ ತರ. ಹುಡುಗ ಫೋನ್ ಮಾಡಿದ: "ಮಾಮ, ಇದು ಮೋಸ." ಅವನು ಹೇಳಿದ್ದು ಸರಿ. ಮಾರ್ಗಿಟ್‌ನ ಎತ್ತಿದ ಕೈಗಳನ್ನು ಗಮನವಿಟ್ಟು ನೋಡಿದರೆ ಒಂದಕ್ಕೊಂದು ಬೇರೆ, ಹತ್ತು ಸಲ ಸತ್ತ ಮೇಲೆ ಗುರುತು ಸಿಗುತ್ತದೆ. ನನ್ನವನದ್ದು ಸುಮ್ನೆ ದಾಳ ಉರುಳಿಸಿದ್ದು. ತಡವಾಗಿ ಹೊಡೆಯುವ ಏಟಿಗೆ ಈಗ ಮುಖಂಡ ಒಂದು ಕಾಲು ಹಿಂದಿಡುತ್ತಾನೆ. ಕಾಲು ನೋಡಿದವರು ಬದುಕುತ್ತಾರೆ.

ಸ್ಟ್ಯಾಮಿನಾ, ಅಂದರೆ ಆಡುವ ಪಾತ್ರದ ದಮ್ಮಿನ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಡಾರ್ಕ್ ಸೋಲ್ಸ್ ಭಕ್ತರೆಲ್ಲ ಮಾಡುವ ಮೊದಲ ತಪ್ಪು ಇದೇ, ನಾನೂ ಮಾಡಿದೆ. ಅಲ್ಲಿ ಹೊಡೆದರೂ, ಉರುಳಿದರೂ, ಗುರಾಣಿಯಿಂದ ಏಟು ತಡೆದರೂ ಒಂದೇ ಹಸಿರು ಪಟ್ಟಿಯಿಂದ ಖರ್ಚು. ಬೀಸಿದ ಕತ್ತಿಯನ್ನು ಅರ್ಧಕ್ಕೆ ವಾಪಸ್ ತೆಗೆದುಕೊಳ್ಳೋಕಾಗಲ್ಲ. ಮೈಮೇಲಿನ ಭಾರ ಅರ್ಧಕ್ಕಿಂತ ಜಾಸ್ತಿಯಾದರೆ ಉರುಳುವುದೂ ದೊಪ್ಪನೆ. ಇದೆಲ್ಲ ಸೇರಿ ಒಂದೊಂದು ಏಟೂ ಒಂದು ತೀರ್ಮಾನ ಆಗುತ್ತದೆ. ನಾನು ಪಟ್ಟಿಯನ್ನು ಮಾತ್ರ ತಂದೆ, ಉಳಿದದ್ದನ್ನು ತರಲಿಲ್ಲ. ಪರಿಣಾಮ: ಎರಡು ಏಟು, ಸುಸ್ತು, ಹಿಂದೆ ಓಡು, ಪಟ್ಟಿ ತುಂಬುವವರೆಗೆ ಸುತ್ತು ಹಾಕು, ಮತ್ತೆ ಎರಡು ಏಟು. ಕಾದಾಟ ಅಲ್ಲ, ರೇಷನ್ ಅಂಗಡಿಯ ಸಾಲು.

ಡಾರ್ಕ್ ಸೋಲ್ಸ್ ಮಾಡಿದ ಕಂಪನಿ, ಫ್ರಮ್‌ಸಾಫ್ಟ್‌ವೇರ್, ತಾನೇ ಮಾಡಿದ್ದನ್ನು ಆಮೇಲೆ ಹೇಗೆ ತಿರುಗಿಸಿತು ಅಂತ ನೋಡಿದ ಮೇಲೆ ನನಗೆ ಧೈರ್ಯ ಬಂತು. 2015ರ ಬ್ಲಡ್‌ಬೋರ್ನ್‌ನಲ್ಲಿ ಏಟು ತಿಂದ ಮೇಲೆ ಸ್ವಲ್ಪ ಹೊತ್ತಿನೊಳಗೆ ತಿರುಗಿ ಹೊಡೆದರೆ ಕಳೆದ ಜೀವದಲ್ಲಿ ಒಂದಿಷ್ಟು ವಾಪಸ್. ಹಿಂದೆ ಓಡಬೇಡ, ಮುಂದೆ ಹೋಗು ಅಂತ ಗೇಮೇ ನೂಕುತ್ತದೆ. 2019ರ ಸೆಕಿರೊದಲ್ಲಿ ಆ ಹಸಿರು ಪಟ್ಟಿಯೇ ಇಲ್ಲ. ಬದಲಿಗೆ ಶತ್ರುವಿನ ನಿಲುವು ಮುರಿಯುವ ಪಟ್ಟಿ. ಹೊಡೆಯುತ್ತಾ, ಅವನ ಏಟನ್ನು ಸರಿಯಾದ ಕ್ಷಣಕ್ಕೆ ಕತ್ತಿಯಿಂದ ತಟ್ಟುತ್ತಾ ಹೋದರೆ ಅದು ತುಂಬುತ್ತದೆ, ಸುಮ್ಮನೆ ದೂರ ನಿಂತರೆ ಇಳಿಯುತ್ತದೆ. ಕತ್ತಿಗೆ ಕತ್ತಿ ತಾಗುವ ಆ ಸದ್ದಿದೆಯಲ್ಲ, ತಾಳ ಹಾಕಿದ ಹಾಗೆ. ನಾನು ಸ್ಟ್ಯಾಮಿನಾ ಪಟ್ಟಿಯನ್ನು ಕಿತ್ತು ಹಾಕಿದೆ. ನನ್ನ ಗೇಮಿನಲ್ಲಿ ಅವಸರಪಟ್ಟವರಿಗೆ ಶಿಕ್ಷೆ ಕೊಡೋಕೆ ಬೀಸಿದ ಮೇಲಿನ 13 ಫ್ರೇಮ್ ಸಾಕು. ಅಷ್ಟು ಹೊತ್ತು ಉರುಳೋಕೆ ಬಿಡುವುದಿಲ್ಲ. ಹಂದಿ ತಲೆ ತಗ್ಗಿಸಿದಾಗ ನೀವು ಸುಮ್ನೆ ಗಾಳಿಗೆ ಬೀಸುತ್ತಿದ್ದರೆ, ಆಮೇಲೆ ನಡೆಯುವುದು ನಿಮ್ಮದೇ ಕರ್ಮ.

ಕೊನೆಯ ತೊಂದರೆ ಅಂಕಿಗಳದ್ದು, ಭಾವನ ಪಕ್ಷದ್ದು. ಆರ್‌ಪಿಜಿ ಅಂದ ಮೇಲೆ ಲೆವೆಲ್ ಏರಬೇಕು, ಕತ್ತಿ ಬದಲಾಗಬೇಕು. ನಾನು ಕೋಷ್ಟಕ ಹಾಕಿ, ನಾಯಕಿಯ ಡ್ಯಾಮೇಜ್ ಏರಿದಷ್ಟೇ ಶತ್ರುಗಳ ಜೀವವನ್ನೂ ಏರಿಸಿದ್ದೆ, ಸ್ವಲ್ಪ ಜಾಸ್ತಿಯೇ. ಮೊದಲ ಕಾಡಿನಲ್ಲಿ ಮೂರು ಏಟಿಗೆ ಸಾಯುತ್ತಿದ್ದ ಹಂದಿ, ಮೂರನೇ ಕಾಡಿನಲ್ಲಿ ಹದಿನಾಲ್ಕು ಏಟು. ಅದೇ ಹಂದಿ, ಬಣ್ಣ ಕಪ್ಪು, ಅಷ್ಟೇ. ಎಷ್ಟು ಚೆಂದದ ಏಟಾದರೂ ಹದಿನಾಲ್ಕನೇ ಸಲಕ್ಕೆ ಅದು ಕೂಲಿ ಕೆಲಸ. ಹಂದಿಯನ್ನು ನೋಡುವುದು, ತಪ್ಪಿಸಿಕೊಳ್ಳುವುದು, ಹೊಡೆಯುವುದು, ಈ ಸುತ್ತು ಮೂರು ನಾಲ್ಕು ಸಲ ಬರಲಿ, ಅದಕ್ಕಿಂತ ಜಾಸ್ತಿ ಬೇಡ ಅಂತ ಗೆರೆ ಹಾಕಿಕೊಂಡೆ. ಬಾಸ್‌ಗೆ ಮಾತ್ರ ವಿನಾಯಿತಿ.

ಹಾಗಾದರೆ ಹೊಸ ಕತ್ತಿ ಸಿಕ್ಕಿ ಏನು ಪ್ರಯೋಜನ? ಇದಕ್ಕೆ ಉತ್ತರ ಭಾವನಿಂದಲೇ ಬಂತು. ಡಯಾಬ್ಲೊ 2 ಸೆಕೆಂಡಿಗೆ 25 ಫ್ರೇಮ್‌ನಲ್ಲಿ ಓಡುವ ಗೇಮ್. ಬೇಗ ಹೊಡೆಯುವ ಗುಣ ಇರುವ ಕೈಗವಸು ಹಾಕಿದರೂ, ಅದು ಒಂದು ಪೂರ್ತಿ ಫ್ರೇಮ್ ಉಳಿಸುವಷ್ಟು ಆಗುವವರೆಗೆ ಏನೂ ವ್ಯತ್ಯಾಸ ಇಲ್ಲ. ಆ ಗಡಿ ದಾಟಿದ ತಕ್ಷಣ ಏಟು ದಡಕ್ಕನೆ ವೇಗವಾಗುತ್ತದೆ. ಭಾವ ಈ ಗಡಿಗಳ ಪಟ್ಟಿಯನ್ನು ಹಾಸ್ಟೆಲಿನ ಗೋಡೆಗೆ ಅಂಟಿಸಿದ್ದರಂತೆ, ಮ್ಯಾಥ್ಸ್ ಸೂತ್ರದ ಪಕ್ಕ. "ನಂಬರ್ ಜಾಸ್ತಿ ಆಗಿದ್ದಕ್ಕೆ ಖುಷಿ ಅಲ್ಲ ಮಾರಾಯ, ಕೈಗೆ ಗೊತ್ತಾಗ್ತಿತ್ತು" ಅಂದರು. ಇಷ್ಟು ವರ್ಷ ಅಂಕಿ ಪಕ್ಷದವರು ಅಂತ ನಾನು ಆಡಿಕೊಂಡ ಮನುಷ್ಯ ಫ್ರೇಮ್ ಲೆಕ್ಕ ಹಾಕುತ್ತಿದ್ದರು!

ಆಮೇಲೆ ನೆನಪಾಯಿತು, ಮೊದಲ ಡಯಾಬ್ಲೊದ ಕಥೆಯೂ ಹಾಗೇ ಇದೆ. 1996ರ ಕೊನೆಗೆ ಬಂದ ಆ ಗೇಮ್ ಶುರುವಾದದ್ದು ಚದುರಂಗದ ತರ, ನೀನೊಂದು ನಡೆ ನಾನೊಂದು ನಡೆ ಅಂತ. ಹಾಗೆ ಬೇಡ, ಓಡುವ ಕಾಲದಲ್ಲೇ ನಡೆಯಲಿ ಅಂತ ಉಳಿದವರೆಲ್ಲ ಹೇಳಿದರೂ ಒಪ್ಪದೆ ಕೂತಿದ್ದವರು ಅದನ್ನು ಬರೆಯುತ್ತಿದ್ದ ಡೇವಿಡ್ ಬ್ರೆವಿಕ್. ಕೊನೆಗೆ ಒಂದು ಮಧ್ಯಾಹ್ನ ಕೂತು ಬದಲಾಯಿಸಿದರು, ಕೆಲವೇ ಗಂಟೆಯ ಕೆಲಸ. ಅಸ್ಥಿಪಂಜರದ ಮೇಲೆ ಕ್ಲಿಕ್ ಮಾಡಿದರು, ನಾಯಕ ನಡೆದು ಹೋಗಿ ಅದನ್ನು ಬಡಿದು ಕೆಡವಿದ, ಆ ಕ್ಷಣವೇ ಅವರಿಗೆ ವಿಷಯ ಅರ್ಥವಾಯಿತಂತೆ. 2016ರಲ್ಲಿ ಗೇಮ್ ತಯಾರಕರ ಸಮ್ಮೇಳನದಲ್ಲಿ ಅವರೇ ಹೇಳಿಕೊಂಡದ್ದು. ಅಲ್ಲಿ ಉಂಗುರ ಇನ್ನೂ ಬಿದ್ದಿರಲಿಲ್ಲ.

ಈಗ ನನ್ನ ಕತ್ತಿಗಳು ಒಂದಕ್ಕೊಂದು ಬೇರೆ ಆಡುತ್ತವೆ. ಮೊದಲಿನ ಮಚ್ಚು ಗಿಡ್ಡ, ಬೇಗ, 5 ಫ್ರೇಮ್. ಎರಡನೆಯದು ಉದ್ದ, 16 ಫ್ರೇಮ್ ಹಿಂದಕ್ಕೆ ಎಳೆಯಬೇಕು, ಆದರೆ ತಾಗಿದರೆ ಹಂದಿಯ ನುಗ್ಗನ್ನೇ ನಿಲ್ಲಿಸುತ್ತದೆ. ಬಟನ್ ಒತ್ತಿ ತಡವಾದರೆ ಜೌಗು ಅಂತ ನಾನೇ ಮೇಲೆ ಬರೆದದ್ದು ನೆನಪಿದೆ. ತಡ ಅಂತ ಗೊತ್ತಿದ್ದು ಎತ್ತಿಕೊಂಡ ಕತ್ತಿಗೆ ಆ ದೂರು ಬರಲಿಲ್ಲ, ಯಾಕೋ. ಮೂರನೆಯದು ಇನ್ನೂ ಸರಿಯಾಗಿಲ್ಲ, ಅದರ ಬಗ್ಗೆ ಮಾತು ಬೇಡ. ಇಬ್ಬರು ಶತ್ರುಗಳು ಒಟ್ಟಿಗೆ ತಲೆ ತಗ್ಗಿಸಿದರೆ ಏನು ಮಾಡುವುದು ಅನ್ನುವುದೂ ಪೂರ್ತಿ ಬಗೆಹರಿದಿಲ್ಲ. ಸದ್ಯಕ್ಕೆ ಒಬ್ಬ ನುಗ್ಗುವಾಗ ಇನ್ನೊಬ್ಬ ಕಾಯುವ ಹಾಗೆ ಮಾಡಿದ್ದೇನೆ. ನಾಟಕ ಅನ್ನಿಸುತ್ತದೆ, ಅದು ನನಗೂ ಗೊತ್ತು.

ಕಳೆದ ತಿಂಗಳು ಅಕ್ಕನ ಮನೆಗೆ ಹೋದಾಗ ಭಾವ ಮೊದಲ ಸಲ ಪೂರ್ತಿ ಕೂತು ಆಡಿದರು. ಹನ್ನೊಂದು ಸಲ ಸತ್ತರು. ಹುಡುಗ ಪಕ್ಕದಲ್ಲಿ ಕೂತು, "ಅಪ್ಪ, ತಲೆ ನೋಡು, ತಲೆ ನೋಡು, ಈಗ!" ಅಂತ ಕಿರುಚುತ್ತಿದ್ದ. ಹನ್ನೆರಡನೇ ಸಲ ಹಂದಿ ಬಿತ್ತು. ಭಾವ ಅಂಗೈ ಬೆವರನ್ನು ಪಂಚೆಗೆ ಒರೆಸಿಕೊಂಡರು, ಪರದೆಯನ್ನು ಒಂದು ಗಳಿಗೆ ನೋಡಿದರು. "ಹಂದಿ ಬಿತ್ತು, ಸರಿ. ಬೇರೆ ಏನೂ ಬೀಳೋದಿಲ್ವಾ ಮಾರಾಯ?"

ಮರುದಿನ ಬೆಳಗ್ಗೆ, ಭಾವ ಪೇಟೆಗೆ ಹೋಗಿದ್ದಾಗ, ಅಕ್ಕನ ಒಂದು ಬೆಳ್ಳಿ ಕಾಲುಂಗುರ ಕೇಳಿ ಇಸಿದುಕೊಂಡು ಜಗುಲಿಯ ಕಾವಿ ನೆಲದ ಮೇಲೆ ಇಪ್ಪತ್ತು ಸಲ ಬೀಳಿಸಿ ರೆಕಾರ್ಡ್ ಮಾಡಿಕೊಂಡು ಬಂದೆ. ಹದಿನೇಳನೆಯದು ಚೆನ್ನಾಗಿದೆ. ಹೊಸ ಬಿಲ್ಡ್‌ನಲ್ಲಿ ಹಾಕಿದ್ದೇನೆ, ಭಾವನಿಗೆ ಇನ್ನೂ ಹೇಳಿಲ್ಲ.